ನಿಂತ ಟ್ರ್ಯಾಕ್ಟರ್ ಎಷ್ಟು ತಿನ್ನುತ್ತದೆ? – ಕಲ್ಲೋಳಿಯ ಐದು ಎಕರೆಯ ಲೆಕ್ಕ

ಎಂಜಿನಿಯರಿಂಗ್ ಎಕನಾಮಿಕ್ಸ್ ಪಾಠದಲ್ಲಿ ಬ್ರೇಕ್-ಈವನ್ ಬಂದಾಗ ನಾವೆಲ್ಲ ಯಾವುದೋ ಬಲ್ಬ್ ಕಾರ್ಖಾನೆಯ ಲೆಕ್ಕ ಮಾಡಿ ಅಂಕ ತೆಗೆದುಕೊಂಡೆವು. ಆ ಕಾರ್ಖಾನೆ ಎಲ್ಲಿತ್ತೋ ಗೊತ್ತಿಲ್ಲ, ಅದು ಮುಳುಗಿದ್ದರೂ ನಮಗೇನೂ ಆಗುತ್ತಿರಲಿಲ್ಲ. ಅದೇ ಪಾಠ ಕಳೆದ ದಸರೆಯಲ್ಲಿ ನಮ್ಮಲ್ಲೊಬ್ಬನ ಮನೆಗೆ ನೇರವಾಗಿ ಬಂತು.

ಮನೆ ಇರುವುದು ಗೋಕಾಕ–ಮೂಡಲಗಿ ನಡುವಿನ ಕಲ್ಲೋಳಿಯಲ್ಲಿ. ಐದು ಎಕರೆ ಕಬ್ಬು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿತ್ತು. ಹತ್ತು ದಿನಕ್ಕೆ ವಿಜಯದಶಮಿ. "ಇಷ್ಟ ಸೋವಿ ಮತ್ತ ಯಾವಾಗ ಸಿಗತೈತಿ, ತಗೊಂಬಿಡೋಣು" ಅಂದರು ಅಪ್ಪ. ಮುಂಗಡಕ್ಕೆ ಬೇಕಾದ ಎರಡು ಲಕ್ಷ ಮನೆಯಲ್ಲಿತ್ತು. ಆದರೆ ಅದು ತಂಗಿಯ ಕಾಲೇಜಿಗೆಂದು ಇಟ್ಟ ಹಣ. "ಒಂದ ಹಂಗಾಮು ಓಡಿಸಿದ್ರ ಅಷ್ಟ ರೊಕ್ಕ ತಿರುಗಿ ಬರತೈತಿ" ಎಂಬುದು ಅಪ್ಪನ ಮಾತು. ನಿಜಕ್ಕೂ ಬರುತ್ತದೆಯೇ? ಗೆಳೆಯ ಈ ಪ್ರಶ್ನೆಯನ್ನು ಹಾಸ್ಟೆಲ್ಲಿಗೆ ತಂದ. ನಾವು ನಾಲ್ಕು ಜನ ಕೂತು ಮಾಡಿದ ಲೆಕ್ಕವೇ ಈ ಲೇಖನ.

ಮೊದಲೇ ಒಂದು ಮಾತು. ಕೆಳಗಿನ ಬೆಲೆ, ಬಡ್ಡಿ, ಬಾಡಿಗೆಗಳು ಲೆಕ್ಕಕ್ಕಾಗಿ ನಾವು ಹಿಡಿದ ದುಂಡು ಅಂಕಿಗಳು. ನಿಮ್ಮ ಊರಿನ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ದಾರಿ ಮಾತ್ರ ಬದಲಾಗುವುದಿಲ್ಲ.

1. ಎರಡು ಥರದ ಖರ್ಚು

ಯಾವುದೇ ಯಂತ್ರಕ್ಕೆ ಎರಡು ಹೊಟ್ಟೆ ಇರುತ್ತವೆ. ಒಂದು ಓಡಿದಾಗ ಮಾತ್ರ ಹಸಿಯುತ್ತದೆ: ಡೀಸೆಲ್, ಆಯಿಲ್, ಟೈರ್ ಸವೆತ, ಡ್ರೈವರ್ ಕೂಲಿ. ಇದು ಚರ ವೆಚ್ಚ. ಇನ್ನೊಂದು ನಿಂತಾಗಲೂ ಹಸಿಯುತ್ತದೆ: ಬಡ್ಡಿ, ವಿಮೆ, ತೆರಿಗೆ, ಶೆಡ್ಡು, ವರ್ಷ ಕಳೆದಂತೆ ಇಳಿಯುವ ಬೆಲೆ. ಇದು ಸ್ಥಿರ ವೆಚ್ಚ. ಶೋರೂಮಿನಲ್ಲಿ ಕೇಳಿಬರುವುದು ಯಂತ್ರದ ಬೆಲೆ ಮಾತ್ರ. ಈ ಎರಡು ಹೊಟ್ಟೆಗಳ ಸುದ್ದಿಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

45 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರಿಗೆ ಸಲಕರಣೆ ಸೇರಿ 8,00,000 ರೂ. ಎಂದು ಹಿಡಿಯೋಣ. ಪಠ್ಯಪುಸ್ತಕಗಳು ಟ್ರ್ಯಾಕ್ಟರಿನ ಆಯಸ್ಸನ್ನು ಸಾಮಾನ್ಯವಾಗಿ 10 ವರ್ಷ, ವರ್ಷಕ್ಕೆ 1,000 ಗಂಟೆ ಎಂದು ಹಿಡಿಯುತ್ತವೆ. ಹತ್ತು ವರ್ಷದ ಕೊನೆಗೆ ಮೂಲ ಬೆಲೆಯ ಹತ್ತನೇ ಒಂದು ಭಾಗ, ಅಂದರೆ 80,000 ರೂ. ಉಳಿಯುತ್ತದೆ.

ವರ್ಷದ ಸ್ಥಿರ ವೆಚ್ಚ:

- ಸವಕಳಿ: (8,00,000 – 80,000) ÷ 10 = 72,000 ರೂ.
- ಬಡ್ಡಿ: ಸರಾಸರಿ ಹೂಡಿಕೆ 4,40,000ರ ಮೇಲೆ ಶೇ. 12ರಂತೆ = 52,800 ರೂ.
- ವಿಮೆ, ತೆರಿಗೆ, ಶೆಡ್ಡು: ಬೆಲೆಯ ಶೇ. 3 = 24,000 ರೂ.
- ಒಟ್ಟು: 1,48,800 ರೂ.

ಸರಾಸರಿ ಹೂಡಿಕೆ ಅಂದರೆ ಆರಂಭದ ಬೆಲೆ ಮತ್ತು ಕೊನೆಯ ಬೆಲೆ ಕೂಡಿಸಿ ಎರಡರಿಂದ ಭಾಗಿಸಿದ್ದು. ನಾವು ಕೈಯಿಂದ ಹಾಕಿದ ಹಣಕ್ಕೂ ಬಡ್ಡಿ ಹಿಡಿದಿದ್ದೇವೆ. ಅದು ಬೇರೆ ಕಡೆ ದುಡಿಯಬಹುದಾಗಿದ್ದ ಹಣ ತಾನೆ?

ಒಂದು ಗಂಟೆಯ ಚರ ವೆಚ್ಚ:

- ಡೀಸೆಲ್ 4.5 ಲೀಟರ್, ಲೀಟರಿಗೆ 90ರಂತೆ: 405 ರೂ.
- ಆಯಿಲ್, ಫಿಲ್ಟರ್: 45 ರೂ.
- ರಿಪೇರಿ, ಟೈರ್: 100 ರೂ.
- ಡ್ರೈವರ್: 100 ರೂ.
- ಒಟ್ಟು: 650 ರೂ.

ಈಗ ಸ್ಥಿರ ವೆಚ್ಚವನ್ನು ಗಂಟೆಗಳಿಗೆ ಹಂಚಿ ನೋಡಿ. ವರ್ಷಕ್ಕೆ 1,000 ಗಂಟೆ ಓಡಿದರೆ ಒಂದು ಗಂಟೆಗೆ ಒಟ್ಟು ಖರ್ಚು 799 ರೂ. 500 ಗಂಟೆ ಓಡಿದರೆ 948 ರೂ. 250 ಗಂಟೆಯಷ್ಟೇ ಓಡಿದರೆ 1,245 ರೂ. ಅದೇ ಯಂತ್ರ, ಅದೇ ಡೀಸೆಲ್, ಅದೇ ಹೊಲ. ಬದಲಾದದ್ದು ಗಂಟೆ ಮಾತ್ರ.

2. ಸರಿಗಟ್ಟುವ ಗಂಟೆ

ಡ್ರೈವರ್, ಡೀಸೆಲ್ ಸೇರಿ ಗಂಟೆಗೆ 1,000 ರೂ. ಬಾಡಿಗೆಗೆ ಟ್ರ್ಯಾಕ್ಟರ್ ಸಿಗುತ್ತದೆ ಎಂದುಕೊಳ್ಳೋಣ. ಸ್ವಂತದ್ದಾದರೆ ಓಡಿದ ಒಂದೊಂದು ಗಂಟೆಗೂ 1,000 – 650 = 350 ರೂ. ಉಳಿತಾಯ, ಇಲ್ಲವೇ ಬೇರೆಯವರ ಹೊಲದಲ್ಲಿ ಓಡಿಸಿದರೆ ಅಷ್ಟೇ ಗಳಿಕೆ. ಈ 350ರಿಂದ ಸ್ಥಿರ ವೆಚ್ಚವನ್ನು ತುಂಬಬೇಕು.

1,48,800 ÷ 350 = 425 ಗಂಟೆ.

ಇದು ಬ್ರೇಕ್-ಈವನ್. ಕನ್ನಡದಲ್ಲಿ 'ಸರಿಗಟ್ಟುವ ಗಂಟೆ' ಅನ್ನೋಣ. ಇದಕ್ಕಿಂತ ಕಡಿಮೆ ಓಡಿದರೆ ಬಾಡಿಗೆ ಲೇಸು, ಹೆಚ್ಚು ಓಡಿದರೆ ಸ್ವಂತದ್ದು ಲೇಸು.

ಗೆಳೆಯನ ಮನೆಗೆ ಎಷ್ಟು ಗಂಟೆ ಬೇಕು? ಉಳುಮೆ, ರೋಟಾವೇಟರ್, ಸಾಲು ಬಿಡುವುದು, ಮಣ್ಣೇರಿಸುವುದು, ರವದಿ ಪುಡಿ ಮಾಡುವುದು, ಗೊಬ್ಬರ ಸಾಗಿಸುವುದು ಎಲ್ಲ ಸೇರಿ ಎಕರೆಗೆ ಧಾರಾಳವಾಗಿ 10 ಗಂಟೆ ಹಿಡಿದೆವು. ಐದು ಎಕರೆಗೆ 50 ಗಂಟೆ. ಬಾಡಿಗೆಯಾದರೆ ವರ್ಷಕ್ಕೆ 50,000 ರೂ. ಸ್ವಂತದ್ದಾಗಿ ತನ್ನ ಹೊಲಕ್ಕಷ್ಟೇ ಓಡಿದರೆ 1,48,800 + 32,500 = 1,81,300 ರೂ. ವರ್ಷಕ್ಕೆ 1,31,300 ರೂ. ಹೆಚ್ಚು.

ಐದು ಎಕರೆ ಅಂದರೆ ಸಣ್ಣ ಹೊಲವೇನಲ್ಲ. 2015–16ರ ಕೃಷಿ ಗಣತಿ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3.4 ಎಕರೆ. ನಮ್ಮ ಲೆಕ್ಕದಲ್ಲಿ ತನ್ನ ಹೊಲದಿಂದಲೇ 425 ಗಂಟೆ ತುಂಬಬೇಕಾದರೆ 42 ಎಕರೆಗೂ ಹೆಚ್ಚು ಕಬ್ಬು ಬೇಕು.

ಹಾಗಾದರೆ ನಮ್ಮ ಭಾಗದಲ್ಲಿ ಇಷ್ಟೊಂದು ಟ್ರ್ಯಾಕ್ಟರ್ ಯಾಕಿವೆ? ಉಳಿದ ಗಂಟೆಗಳನ್ನು ಹೊರಗಿನ ಕೆಲಸ ತುಂಬುತ್ತದೆ. ಘಟಪ್ರಭಾ ಎಡದಂಡೆ ಕಾಲುವೆ ಈ ಸೀಮೆಯನ್ನು ಕಬ್ಬಿನ ಸೀಮೆ ಮಾಡಿತು, ಕಬ್ಬು ಕಾರ್ಖಾನೆಗಳನ್ನು ತಂದಿತು. ನವೆಂಬರ್ ಹೊತ್ತಿಗೆ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್ ಸಾಲು ನೋಡದವರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಿದ್ದಾರೆ? ಅಂದರೆ ಇಲ್ಲಿ ಟ್ರ್ಯಾಕ್ಟರ್ ಕೊಂಡವನು ರೈತನಾಗಿಯಷ್ಟೇ ಉಳಿಯುವುದಿಲ್ಲ, ಗೊತ್ತಿಲ್ಲದೆಯೇ ಸಾಗಾಣಿಕೆ ವ್ಯಾಪಾರಕ್ಕೂ ಇಳಿದಿರುತ್ತಾನೆ. ವ್ಯಾಪಾರದ ಲೆಕ್ಕ ಬೇರೆ.

3. ಪುಸ್ತಕದ ಲೆಕ್ಕ, ಕೈಯಲ್ಲಿನ ಲೆಕ್ಕ

ಸವಕಳಿ ಹತ್ತು ವರ್ಷಕ್ಕೆ ಹಂಚಿಹೋಗುತ್ತದೆ. ಬ್ಯಾಂಕಿನ ಕಂತು ಹತ್ತು ವರ್ಷ ಕಾಯುವುದಿಲ್ಲ. 6,00,000 ರೂ. ಸಾಲ, ಶೇ. 12 ಬಡ್ಡಿ, ಐದು ವರ್ಷ, ಆರು ತಿಂಗಳಿಗೊಂದು ಕಂತು ಎಂದರೆ ಪ್ರತಿ ಕಂತು 81,521 ರೂ. ವರ್ಷಕ್ಕೆ 1,63,042. ಇದಕ್ಕೆ ವಿಮೆ ಇತ್ಯಾದಿ 24,000 ಸೇರಿಸಿದರೆ ವರ್ಷಕ್ಕೆ 1,87,042 ರೂ. ನಗದು ಹೊರಗೆ ಹೋಗಬೇಕು.

1,87,042 ÷ 350 = 534 ಗಂಟೆ.

ಪುಸ್ತಕದ ಲೆಕ್ಕದಲ್ಲಿ 425 ಗಂಟೆಗೆ ಗೆದ್ದವನು ಮೊದಲ ಐದು ವರ್ಷ ಕೈಯಲ್ಲಿನ ಲೆಕ್ಕದಲ್ಲಿ 534 ಗಂಟೆ ಓಡಿಸದಿದ್ದರೆ ಸೋಲುತ್ತಾನೆ. ಈ ಎರಡರ ನಡುವಿನ 109 ಗಂಟೆಯ ಕಂದಕದಲ್ಲೇ ಎಷ್ಟೋ ಮನೆಗಳು ಬೀಳುವುದು. ಲಾಭದಲ್ಲಿದ್ದರೂ ಕಂತಿಗೆ ಹಣ ಇರುವುದಿಲ್ಲ. ಉತಾರಿನ ಮೇಲೆ ಬ್ಯಾಂಕಿನ ಬೋಜಾ ಇದ್ದರೆ ಈ ಕಂದಕ ಹೊಲದ ತನಕವೂ ಬರಬಹುದು.

4. ಕೆಟ್ಟ ವರ್ಷ

ಅಪ್ಪನ ಅಂದಾಜು ವರ್ಷಕ್ಕೆ 600 ಗಂಟೆ: ಸ್ವಂತ ಹೊಲಕ್ಕೆ 50, ಹೊರಗೆ 550. ಒಳ್ಳೆಯ ವರ್ಷದಲ್ಲಿ 600 × 350 = 2,10,000. ಕಂತು, ವಿಮೆ ಕಳೆದರೆ 22,958 ರೂ. ಉಳಿಯುತ್ತದೆ. ಮುಂಗಡದ ಎರಡು ಲಕ್ಷ ಒಂದು ಹಂಗಾಮಿನಲ್ಲಿ ತಿರುಗಿ ಬರುವ ಮಾತು ಇಲ್ಲಿಗೇ ಮುಗಿಯಿತು. ಆದರೂ ನಷ್ಟವಿಲ್ಲ.

ಆದರೆ ಎಲ್ಲ ವರ್ಷವೂ ಒಳ್ಳೆಯದಿರುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದ್ದು ನೆನಪಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನೀರಿಲ್ಲದೆ ಕಬ್ಬು ಒಣಗಿದರೆ ಸಾಗಿಸಲು ಟ್ರ್ಯಾಕ್ಟರ್ ಏಕೆ ಬೇಕು? ಇನ್ನು 2025ರ ಅಕ್ಟೋಬರ್ ಕೊನೆಗೆ ನಮ್ಮ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲೇ ರೈತರು ಟನ್ನಿಗೆ 3,500 ರೂ. ಕೇಳಿ ಕೂತರು. ನವೆಂಬರ್ 7ರಂದು ಸರ್ಕಾರ 3,300 ರೂ. ಪ್ರಕಟಿಸಿತು. ಆ ಹೋರಾಟ ನ್ಯಾಯದ್ದು, ನಮ್ಮ ಮನೆಗಳಿಂದಲೂ ಜನ ಹೋಗಿದ್ದರು. ಆದರೆ ಲೆಕ್ಕದ ಪುಸ್ತಕಕ್ಕೆ ಒಂದೇ ಗೊತ್ತು: ಚಕ್ರ ತಿರುಗದ ದಿನವೂ ಬಡ್ಡಿ ತಿರುಗುತ್ತದೆ.

ಕೆಟ್ಟ ವರ್ಷದಲ್ಲಿ ಹೊರಗಿನ ಕೆಲಸ ಶೇ. 40ರಷ್ಟು ಇಳಿಯಿತು ಎನ್ನೋಣ. 550ರ ಬದಲು 330 ಗಂಟೆ. ಸ್ವಂತದ್ದು ಸೇರಿ 380. 380 × 350 = 1,33,000. ಕೊರತೆ 54,042 ರೂ.

ಇದು ಇನ್ನೂ ಅರ್ಧ ಕತೆ. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಪಕ್ಕದ ಹೊಲದವನ ಉಳುಮೆ ಬಾಕಿಗೆ ಯಾವ ಆದೇಶ ಇದೆ? "ಬಿಲ್ಲ ಬಂದ ಮ್ಯಾಲೆ ಕೊಡ್ತೀನಿ" ಅಂದರೆ ಮುಗೀತು. ಹೊರಗಿನ 330 ಗಂಟೆಯಲ್ಲಿ ಮೂರನೇ ಒಂದು ಭಾಗ, ಅಂದರೆ 110 ಗಂಟೆಯ ಬಾಡಿಗೆ ಉದ್ರಿ ಉಳಿದರೆ 1,10,000 ರೂ. ಆ ವರ್ಷ ಕೈಗೆ ಬರುವುದಿಲ್ಲ. ಡೀಸೆಲ್ ಮಾತ್ರ ನಗದು. ಒಟ್ಟು ಕೊರತೆ 1,64,042 ರೂ. ಹೆಚ್ಚುಕಡಿಮೆ ಒಂದು ವರ್ಷದ ಪೂರ್ತಿ ಕಂತು. ಕಬ್ಬು ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡ ಮುಳುಗಿದರೆ ಅದು ಬೇರೆ.

ಒಳ್ಳೆಯ ವರ್ಷದ ಉಳಿತಾಯ 22,958. ಕೆಟ್ಟ ವರ್ಷದ ಕೊರತೆ 1,64,042. ಒಂದು ಕೆಟ್ಟ ವರ್ಷ ಏಳು ಒಳ್ಳೆಯ ವರ್ಷಗಳನ್ನು ನುಂಗುತ್ತದೆ. ಉದ್ರಿ ಮುಂದೆ ವಸೂಲಾದೀತು ನಿಜ, ಆದರೆ ಕಂತಿನ ದಿನ ಅದು ಕೈಯಲ್ಲಿರುವುದಿಲ್ಲ.

5. ಸೋವಿ ಆದರೆ ಲಾಭವೇ?

ಈಗ ಜಿಎಸ್‌ಟಿಗೆ ಬರೋಣ. ನಮ್ಮ 8,00,000 ಹಳೆಯ ಶೇ. 12 ತೆರಿಗೆ ಸೇರಿದ ಬೆಲೆ ಎಂದುಕೊಂಡರೆ ಹೊಸ ತೆರಿಗೆಯಲ್ಲಿ ಅದು 7,50,000. ಐವತ್ತು ಸಾವಿರ ಉಳಿಯಿತು. ಸ್ಥಿರ ವೆಚ್ಚ 1,39,500ಕ್ಕೆ ಇಳಿಯುತ್ತದೆ, ಸರಿಗಟ್ಟುವ ಗಂಟೆ 425ರಿಂದ 399ಕ್ಕೆ. ಐವತ್ತು ಸಾವಿರಕ್ಕೆ ಇಳಿದದ್ದು 26 ಗಂಟೆ ಅಷ್ಟೆ.

ಇದನ್ನು ಇನ್ನೊಂದಕ್ಕೆ ಹೋಲಿಸಿ. ಸೋವಿಯಾಯಿತೆಂದು ಊರಲ್ಲಿ ಇನ್ನೂ ಹತ್ತು ಮನೆಯವರು ಟ್ರ್ಯಾಕ್ಟರ್ ತಂದರೆ ಬಾಡಿಗೆ ಇಳಿಯುತ್ತದೆ. 1,000 ಇದ್ದದ್ದು 900 ಆಯಿತು ಎನ್ನಿ. ಗಂಟೆಯ ಉಳಿತಾಯ 350ರಿಂದ 250ಕ್ಕೆ ಬಂತು. ಹೊಸ ಬೆಲೆಯಲ್ಲೇ 1,39,500 ÷ 250 = 558 ಗಂಟೆ ಬೇಕು. ಬೆಲೆ ಇಳಿದು 26 ಗಂಟೆ ಗಳಿಸಿದೆವು, ಬಾಡಿಗೆ ಇಳಿದು 159 ಗಂಟೆ ಕಳೆದುಕೊಂಡೆವು. ಅದೂ ಕೆಲಸ ಹಂಚಿಹೋಗಿ ಗಂಟೆಗಳೇ ಕಡಿಮೆಯಾಗುವ ಹೊತ್ತಿನಲ್ಲಿ.

"ಹಂಗಾರ ಸೆಕೆಂಡ್ ಹ್ಯಾಂಡ್ ತರೋಣು" ಅನ್ನುವವರಿದ್ದಾರೆ. ಕೆಟ್ಟ ವರ್ಷದ ಬೆನ್ನಿಗೆ ಹಳೆಯ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುವುದು ಸಹಜ. 4,00,000 ರೂ.ಗೆ ತಂದು ಐದು ವರ್ಷ ಓಡಿಸಿ 80,000ಕ್ಕೆ ಮಾರಿದರೆ: ಸವಕಳಿ 64,000, ಬಡ್ಡಿ 28,800, ವಿಮೆ ಇತ್ಯಾದಿ 12,000, ಒಟ್ಟು 1,04,800. ಹಳೆಯ ಗಾಡಿಗೆ ರಿಪೇರಿ ಗಂಟೆಗೆ 100 ರೂ. ಹೆಚ್ಚು ಹಿಡಿದರೆ ಚರ ವೆಚ್ಚ 750, ಉಳಿತಾಯ 250. 1,04,800 ÷ 250 = 419 ಗಂಟೆ. ಅರ್ಧ ಬೆಲೆಗೆ ತಂದರೂ ಸರಿಗಟ್ಟುವ ಗಂಟೆ 425ರ ಪಕ್ಕದಲ್ಲೇ ಕೂತಿದೆ! ನಾವು ಇದನ್ನು ಎರಡು ಸಲ ಲೆಕ್ಕ ಹಾಕಿದೆವು. ಸಾಲದ ಭಾರ ಕಡಿಮೆ ಎಂಬುದು ನಿಜವಾದ ಲಾಭ. ಆದರೆ ಗಂಟೆಗಳ ಹಸಿವು ಅಷ್ಟೇ ಇದೆ.

ಇದು ಟ್ರ್ಯಾಕ್ಟರಿಗಷ್ಟೇ ಸಂಬಂಧಿಸಿದ ಮಾತಲ್ಲ. ಶ್ರೀಮಂತ ದೇಶಗಳಲ್ಲಿ ಹಾಯಿದೋಣಿ ಕೊಳ್ಳುವವರದ್ದೂ ಇದೇ ಲೆಕ್ಕ. ದೋಣಿ ವರ್ಷದ ಹೆಚ್ಚಿನ ದಿನ ದಡದಲ್ಲಿ ಕಟ್ಟಿಹಾಕಿಯೇ ಇರುತ್ತದೆ, ಕಟ್ಟಿದ ಜಾಗಕ್ಕೆ ಬಾಡಿಗೆ, ವಿಮೆ, ಬಣ್ಣ, ಹಾಯಿಯ ದುರಸ್ತಿ ನಡೆದೇ ಇರುತ್ತದೆ. 2008ರ ಆರ್ಥಿಕ ಕುಸಿತದ ಬಳಿಕ ಅಮೆರಿಕದ ಕರಾವಳಿಯಲ್ಲಿ ಎಷ್ಟೋ ಮಾಲೀಕರು ದೋಣಿಗಳನ್ನು ನೀರಿನಲ್ಲೇ ಬಿಟ್ಟುಹೋದರು. ಪುಕ್ಕಟೆ ಕೊಟ್ಟರೂ ಸಾಕಲಾಗದ ವಸ್ತು ಅದು. ಆರ್ಥಿಕತೆ ಸೊರಗಿದಾಗ ಕೊಳ್ಳುವ ಬೆಲೆ ಇಳಿಯುತ್ತದೆ, ಸಾಕುವ ಬೆಲೆ ಇಳಿಯುವುದಿಲ್ಲ. ನಮ್ಮ ಲೆಕ್ಕದ ತಿರುಳು ಇದೊಂದೇ ಮಾತು.

6. ನಾವು ಬಿಟ್ಟಿದ್ದ ಅಂಕಿ

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಗೆಳೆಯ ಮನೆಗೆ ಒಯ್ದ. ಅಪ್ಪ ಪೂರ್ತಿ ಓದಿದರು. ಸಿಟ್ಟಾಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಲೆಕ್ಕ ಎಲ್ಲಾ ಖರೆ ಐತಿ. ಆದ್ರ ಹದ ಹೋದ್ ಮ್ಯಾಲೆ ಬಂದ ಟ್ರ್ಯಾಕ್ಟರ್ ತಗೊಂಡು ಏನ್ ಮಾಡೂದು?"

ನಮ್ಮ ಹಾಳೆಯಲ್ಲಿ ಹದಕ್ಕೆ ಜಾಗವೇ ಇರಲಿಲ್ಲ. ಮಳೆಯಾದ ಮೇಲೆ ಎರೆ ಮಣ್ಣು ಉಳಲು ಬರುವುದು ಕೆಲವೇ ದಿನ. ಮೊದಲು ಹೋದರೆ ಕೆಸರು, ತಡವಾದರೆ ಹೆಂಟೆ. ಆ ದಿನಗಳಲ್ಲಿ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು, ಬಾಡಿಗೆಯವನು ಮೊದಲು ದೊಡ್ಡ ಹೊಲಕ್ಕೆ ಹೋಗುತ್ತಾನೆ. ಸ್ವಂತ ಟ್ರ್ಯಾಕ್ಟರಿನ ನಿಜವಾದ ಬೆಲೆ ಇರುವುದು ಅಲ್ಲಿ. ಮನೆಯ ಮುಂದೆ ನಿಂತ ಟ್ರ್ಯಾಕ್ಟರಿನ ಮರ್ಯಾದೆಯೂ ಸುಳ್ಳಲ್ಲ. ಹೆಣ್ಣು ಕೊಡುವವರು ಅದನ್ನೂ ನೋಡುತ್ತಾರೆ.

ಹದಕ್ಕೂ ಬೆಲೆ ಕಟ್ಟಿ ನೋಡಿದೆವು. ಒಬ್ಬನೇ ಕೊಂಡು ಸ್ವಂತಕ್ಕೇ ಓಡಿಸಿದರೆ ವರ್ಷಕ್ಕೆ 1,31,300 ಹೆಚ್ಚು, ಎಕರೆಗೆ 26,260 ರೂ. ಟನ್ನಿಗೆ 3,300ರಂತೆ ಸುಮಾರು 8 ಟನ್ ಕಬ್ಬು. ಹದ ಹಿಡಿದದ್ದರಿಂದಲೇ ಎಕರೆಗೆ 8 ಟನ್ ಹೆಚ್ಚು ಬರುತ್ತದೆಯೇ? "ಅಷ್ಟ ಬರೂದಿಲ್ಲ" ಅಂದರು ಅಪ್ಪ.

ಐದೈದು ಎಕರೆಯ ಐದು ಮನೆ ಕೂಡಿ ಕೊಂಡರೆ? 250 ಗಂಟೆ. ಒಟ್ಟು ಖರ್ಚು 1,48,800 + 1,62,500 = 3,11,300. ಒಂದು ಮನೆಗೆ 62,260. ಬಾಡಿಗೆಗಿಂತ 12,260 ಹೆಚ್ಚು, ಎಕರೆಗೆ 2,452 ರೂ. ಮುಕ್ಕಾಲು ಟನ್ ಕಬ್ಬಿನ ಬೆಲೆ. "ಇದ ಆಗಬಹುದು ನೋಡು" ಅಂದರು.

ಕೂಡಿ ಕೊಳ್ಳುವುದರ ತೊಂದರೆ ಎಲ್ಲರಿಗೂ ಗೊತ್ತು: ಎಲ್ಲರಿಗೂ ಅದೇ ದಿನ ಹದ. ಎಕರೆಗೆ 2 ಗಂಟೆಯಂತೆ 25 ಎಕರೆ ಉಳಲು 50 ಗಂಟೆ, ದಿನಕ್ಕೆ 10 ಗಂಟೆಯಂತೆ ಐದು ದಿನ. ಕೊನೆಯ ಮನೆಯವರು ನಾಲ್ಕು ದಿನ ಕಾಯಬೇಕು. ಹಾಗಾಗಿ ಕೊಳ್ಳುವ ಮೊದಲೇ ನಾಲ್ಕು ಮಾತು ಕಾಗದದ ಮೇಲೆ ಬರಲಿ:

- ಸರದಿ: ಈ ವರ್ಷ ಮೊದಲಿದ್ದವನು ಮುಂದಿನ ವರ್ಷ ಕೊನೆಗೆ.
- ಗಂಟೆ ಪುಸ್ತಕ: ಅವರ್ ಮೀಟರ್ ನೋಡಿ ಪ್ರತಿ ಸಲ ಬರೆಯುವುದು. ಟ್ರ್ಯಾಕ್ಟರಿನ ವಯಸ್ಸು ಗಂಟೆಯಲ್ಲಿದೆ, ಕಿಲೋಮೀಟರಿನಲ್ಲಿಲ್ಲ.
- ರಿಪೇರಿ ಗಂಟು: ಪ್ರತಿ ಗಂಟೆಗೆ ಇಷ್ಟು ಎಂದು ಅಂದೇ ತೆಗೆದಿಡುವುದು. ಮುರಿದಾಗ ಪಟ್ಟಿ ಎತ್ತಿದರೆ ಜಗಳ ಖಚಿತ.
- ಬಿಡುಗಡೆ: ಒಬ್ಬ ಹೊರಗೆ ಹೋದರೆ ಅವನ ಪಾಲಿನ ಬೆಲೆ ಕಟ್ಟುವ ರೀತಿ.

ಕೂಡುವ ಮನೆಗಳು ಸಿಗದಿದ್ದರೆ ಇನ್ನೊಂದು ದಾರಿ ಇದೆ. 2014–15ರಲ್ಲಿ ರಾಜ್ಯ ಸರ್ಕಾರ ಹೋಬಳಿ ಮಟ್ಟದಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಬಾಡಿಗೆಗೆ. ಹಂಗಾಮಿಗೆ ಮುಂಚೆಯೇ ಹೋಗಿ ಸರದಿ ಹಚ್ಚುವುದು ಮುಖ್ಯ.

7. ಕೊಳ್ಳುವ ಮೊದಲು

ನಾವು ಕಲಿತದ್ದನ್ನು ಮೂರು ಸಾಲಿಗೆ ಇಳಿಸಿದರೆ: ಒಂದು, ಬೆಲೆ ಕೇಳುವ ಮೊದಲು ಗಂಟೆ ಎಣಿಸಿ. ಎರಡು, ಗಂಟೆಯನ್ನು ಕೆಟ್ಟ ವರ್ಷದಿಂದ ಎಣಿಸಿ, ಒಳ್ಳೆಯ ವರ್ಷದಿಂದಲ್ಲ. ಮೂರು, ಒಂದು ವರ್ಷದ ಕಂತಿನಷ್ಟು ಹಣ ಬೇರೆ ಇಟ್ಟಿಲ್ಲದಿದ್ದರೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.

ದಸರೆಗೆ ಟ್ರ್ಯಾಕ್ಟರ್ ಬರಲಿಲ್ಲ. "ಯುಗಾದಿಗೆ ನೋಡೋಣು" ಅಂದಿದ್ದಾರೆ. ಬೇಡ ಅಂದಿಲ್ಲ. ಆದರೆ ಅಂದಿನಿಂದ ಅಪ್ಪ ಬಾಡಿಗೆ ಟ್ರ್ಯಾಕ್ಟರ್ ಹೊಲಕ್ಕೆ ಬಂದ ಪ್ರತಿ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗಂಟೆ ಬರೆಯುತ್ತಿದ್ದಾರೆ. ಹದ ತಪ್ಪಿದ ದಿನಕ್ಕೆ ಕೆಂಪು ಗುರುತು. ಇಲ್ಲಿಯವರೆಗೆ 31 ಗಂಟೆ, ಎರಡು ಕೆಂಪು ಗುರುತು. ಪಕ್ಕದ ಹೊಲದ ಇಬ್ಬರು ಬಂದು ಆ ಕ್ಯಾಲೆಂಡರ್ ನೋಡಿಹೋಗಿದ್ದಾರಂತೆ. ತಂಗಿಯ ಎರಡು ಲಕ್ಷ ಇನ್ನೂ ಬ್ಯಾಂಕಿನಲ್ಲಿದೆ.

ಅಭ್ಯಾಸ

1. ಡೀಸೆಲ್ ಲೀಟರಿಗೆ 10 ರೂ. ಏರಿತು, ಬಾಡಿಗೆ 1,000ವೇ ಉಳಿಯಿತು. ಮೊದಲ ಲೆಕ್ಕದ ಸರಿಗಟ್ಟುವ ಗಂಟೆ ಎಷ್ಟಾಗುತ್ತದೆ? (488 ಬರಬೇಕು.)
2. ಐದು ಮನೆಯ ಬದಲು ಎಂಟು ಮನೆ ಕೂಡಿದರೆ ಒಂದು ಮನೆಯ ಖರ್ಚೆಷ್ಟು? ಕೊನೆಯ ಮನೆ ಎಷ್ಟು ದಿನ ಕಾಯಬೇಕು? ಎಷ್ಟು ಮನೆಗೆ ನಿಲ್ಲಿಸುತ್ತೀರಿ?
3. ನಿಮ್ಮ ಮನೆಯಲ್ಲಿ ನಿಂತೇ ತಿನ್ನುವ ಒಂದು ವಸ್ತುವನ್ನು ಹುಡುಕಿ. ಬೈಕ್ ಆಗಬಹುದು, ಕಾರ್ ಆಗಬಹುದು. ಕಳೆದ ವರ್ಷ ಅದು ಎಷ್ಟು ಗಂಟೆ ಓಡಿತು? ಲೆಕ್ಕ ಮನೆಯವರಿಗೆ ತೋರಿಸಿ. ಅವರು ಕೇಳುವ ಮೊದಲ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಹಾಳೆಯಲ್ಲಿ ಬಿಟ್ಟುಹೋದ ಅಂಕಿ ಅದರಲ್ಲೇ ಇರುತ್ತದೆ.